ಎಲ್ಲವನ್ನೂ ಒಂದೇ ಜಾಡಿಗೆ ಹಾಕಬೇಡ, ಪುಟ್ಟಿ

ಪುಟ್ಟಿ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಜಾಡಿಯ ಚಿತ್ರವನ್ನೂ ಅದರ ಜೊತೆಗೆ ಕೇಳಿದ ಪ್ರಶ್ನೆಗಳನ್ನೂ ಈಗಷ್ಟೇ ನೋಡಿದೆ. ಬರೆಯುತ್ತಾ ಕೂತರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ ಎಂದು ಧ್ವನಿಸಂದೇಶದಲ್ಲೇ ಹೇಳುತ್ತಿದ್ದೇನೆ; ದೀರ್ಘವಾಗುತ್ತದೆ, ಅಳಿಯಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ಎರಡು ಕಿಲೋ ನೀಲಿ ದ್ರಾಕ್ಷಿ, ಸಿಪ್ಪೆಸಮೇತ ಹೆಚ್ಚಿದ ಕಿತ್ತಳೆ, ಒಂದು ಹಿಡಿ ಪುದೀನ, ಹತ್ತು ಲವಂಗ, ದಾಲ್ಚಿನ್ನಿ, ಇಷ್ಟನ್ನೂ ಒಂದು ಬಾಟಲಿ ವೋಡ್ಕಾದಲ್ಲಿ ಎರಡು ವಾರ ನೆನೆಸಿದ್ದೀಯ. ಈಗ ಅದು ಕಹಿಯಾಗಿದೆ, ಬಣ್ಣ ಕಂದಿದೆ, ಗುಳ್ಳೆ ಏಳುತ್ತಿದೆ. ಇದನ್ನು ಉಳಿಸಿಕೊಳ್ಳಬಹುದೇ, ಮುಂದಿನ ಸಲ ಅಗ್ಗವಾಗಿ ಸಿಗುವ ಪ್ರಯೋಗಾಲಯದ ಸ್ಪಿರಿಟ್ ಬಳಸಬಹುದೇ, ಇದರಲ್ಲಿ ಕಾನೂನಿನ ತೊಡಕು ಇದೆಯೇ ಎಂಬುದು ನಿನ್ನ ಪ್ರಶ್ನೆ.

ಎಲ್ಲಕ್ಕಿಂತ ಮೊದಲು ಆ ಮುಚ್ಚಳವನ್ನು ನೋಡು. ನನ್ನ ಮಾತು ಮುಗಿಯುವ ತನಕ ಕಾಯದೆ, ಜಾಡಿಯನ್ನು ಸಿಂಕಿನಲ್ಲಿಟ್ಟು, ಮೇಲೆ ದಪ್ಪ ಟವೆಲ್ ಹೊದಿಸಿ, ಮುಚ್ಚಳವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸು. ಗುಳ್ಳೆ ಏಳುತ್ತಿದೆ ಎಂದರೆ ಒಳಗೆ ಹುದುಗು ಎದ್ದಿದೆ ಎಂದರ್ಥ, ಅದರಿಂದ ಹುಟ್ಟುವ ಅನಿಲಕ್ಕೆ ಹೊರಹೋಗಲು ದಾರಿ ಇಲ್ಲದಿದ್ದರೆ ಗಾಜು ಸಿಡಿಯುತ್ತದೆ.

ವೋಡ್ಕಾದಲ್ಲಿ ಹಾಕಿದ ಹಣ್ಣು ಹುದುಗುವುದು ಹೇಗೆ ಎಂದು ನಿನಗೆ ಆಶ್ಚರ್ಯವಾಗಿರಬಹುದು. ಬಾಟಲಿಯ ಚೀಟಿಯನ್ನು ಓದಿದರೆ ಶೇ. 42.8 ಎಂದು ಇರುತ್ತದೆ. ನಮ್ಮಲ್ಲಿ ಮಾರುವ ಹೆಚ್ಚಿನ ವೋಡ್ಕಾ, ರಮ್, ಬ್ರಾಂದಿಗಳ ಮದ್ಯಸಾರದ ಪ್ರಮಾಣ ಅಷ್ಟೇ. ಅಂದರೆ 750 ಮಿಲಿಲೀಟರ್ ಬಾಟಲಿಯಲ್ಲಿ ನಿಜವಾದ ಮದ್ಯಸಾರ ಸುಮಾರು 320 ಮಿಲಿಲೀಟರ್. ದ್ರಾಕ್ಷಿಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಆಗಿರುವುದರಿಂದ, ಎರಡು ಕಿಲೋ ಹಣ್ಣು ತನ್ನೊಳಗಿನ ಸುಮಾರು ಒಂದೂವರೆ ಲೀಟರ್ ನೀರನ್ನು ದಿನದಿಂದ ದಿನಕ್ಕೆ ಹೊರಗೆ ಬಿಡುತ್ತಾ ಹೋಗುತ್ತದೆ, ಮತ್ತು ಕೊನೆಗೆ ಆ ಜಾಡಿಯ ಮದ್ಯಸಾರ ಶೇ. 14ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ದುರ್ಬಲವಾದ ದ್ರವದಲ್ಲಿ, ಅದರಲ್ಲೂ ಮುಚ್ಚಳದ ಹತ್ತಿರ ತೇಲುವ ಹಣ್ಣಿನ ಮೇಲೆ, ಸಿಪ್ಪೆಗೆ ಅಂಟಿಕೊಂಡೇ ಬಂದ ಯೀಸ್ಟ್ ಬದುಕಿ ಉಳಿಯಬಹುದು. ಜಪಾನಿನವರು ಹಸಿ ಉಮೆ ಕಾಯಿಯನ್ನು ಕಲ್ಲುಸಕ್ಕರೆಯ ಜೊತೆ ಮದ್ಯದಲ್ಲಿ ನೆನೆಸಿ ಉಮೆಶು ಎಂಬ ಪಾನೀಯವನ್ನು ಮನೆಮನೆಯಲ್ಲೂ ಮಾಡುತ್ತಾರೆ. ಅಲ್ಲಿನ ಮದ್ಯ ತೆರಿಗೆಯ ಕಾನೂನು ಮನೆಯವರಿಗೆ ಅದಕ್ಕೆ ಅವಕಾಶ ಕೊಡುವಾಗ ಹಾಕಿರುವ ಷರತ್ತುಗಳಲ್ಲಿ ಎರಡು ಮುಖ್ಯ: ನೆನೆಸುವ ಮದ್ಯ ಶೇ. 20ಕ್ಕಿಂತ ಕಡಿಮೆ ಇರಬಾರದು, ಮತ್ತು ದ್ರಾಕ್ಷಿಯನ್ನು ಹಾಕಲೇಬಾರದು. ಹೊಸದಾಗಿ ಹುದುಗು ಏಳಬಾರದು ಎಂಬುದೇ ಅದರ ಉದ್ದೇಶ. ನಿನ್ನ ವೋಡ್ಕಾ ಮೊದಲ ಷರತ್ತಿಗೆ ಸಾಕಷ್ಟು ಗಟ್ಟಿಯೇ, ಆದರೆ ದ್ರಾಕ್ಷಿ ಹಾಕಿ ಎರಡನೆಯದನ್ನು ಮೀರಿದ್ದೀಯ.

ಇದನ್ನು ಉಳಿಸಿಕೊಳ್ಳಬಹುದೇ ಎಂದರೆ, ಬೇಡ ಎನ್ನುತ್ತೇನೆ. ಬೂಸ್ಟು ಕಂಡರಂತೂ ಯೋಚಿಸದೆ ಚೆಲ್ಲು. ಬೂಸ್ಟು ಇಲ್ಲದಿದ್ದರೂ, ಕಿತ್ತಳೆಯ ಬಿಳಿ ತೊಗಟೆಯ ಕಹಿಯನ್ನೂ ಹತ್ತು ಲವಂಗದ ಖಾರವನ್ನೂ ಹೊರತೆಗೆಯುವ ದಾರಿ ಇಲ್ಲ. ಸಕ್ಕರೆ ಹಾಕಿದರೆ ಸಿಹಿಯಾದ ಕಹಿಯಾಗುತ್ತದೆ ಅಷ್ಟೇ.

ಮೂಲದ ವಿಷಯವನ್ನು ಒಮ್ಮೆ ಸ್ಪಷ್ಟ ಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ನೆನೆಸುವುದು, ಹುದುಗಿಸುವುದು, ಭಟ್ಟಿ ಇಳಿಸುವುದು ಇವು ಮೂರೂ ಬೇರೆ ಬೇರೆ ಕೆಲಸಗಳು. ನಮ್ಮ ಅಜ್ಜಿ ಬಾಣಂತಿಯರಿಗೆ ಕೊಡುತ್ತಿದ್ದ ದಶಮೂಲಾರಿಷ್ಟ ಹುದುಗಿಸಿದ್ದು: ಕಷಾಯಕ್ಕೆ ಬೆಲ್ಲವನ್ನೂ ಧಾತಕಿ ಹೂವನ್ನೂ ಸೇರಿಸಿ ಇಟ್ಟರೆ ಮದ್ಯಸಾರ ತಾನಾಗಿ ಅದರೊಳಗೇ ಹುಟ್ಟುತ್ತದೆ. ನಾವು ಮಾಡುವ ಕೆಲಸದಲ್ಲಿ ಹೊಸ ಮದ್ಯಸಾರ ಹುಟ್ಟುವುದಿಲ್ಲ, ಹುಟ್ಟಲೂಬಾರದು. ಆಗಲೇ ಇರುವ ಮದ್ಯಸಾರ ಹಣ್ಣು, ಸೊಪ್ಪು, ಬೇರುಗಳ ವಾಸನೆಯನ್ನೂ ಬಣ್ಣವನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ನಾನು ಮೂವತ್ತು ವರ್ಷ ಔಷಧ ತಯಾರಿಕೆಯಲ್ಲಿದ್ದೆ ಎಂಬುದು ನಿನಗೆ ಗೊತ್ತು. ಅಲ್ಲಿ ನಾವು ಟಿಂಕ್ಚರ್ ಎಂದು ಕರೆಯುತ್ತಿದ್ದದ್ದು ಇದನ್ನೇ. ಕಿತ್ತಳೆ ಸಿಪ್ಪೆಯ ಟಿಂಕ್ಚರಿಗೆ ಪುಸ್ತಕದಲ್ಲಿ ಹೇಳಿದ ಕಾಲ 7 ದಿನ, ಮತ್ತು ಅದರ ಪಾತ್ರೆಗೆ ಸಿಪ್ಪೆಯನ್ನು ಬಿಟ್ಟು ಬೇರೊಂದು ವಸ್ತುವನ್ನು ನಾವು ಹಾಕುತ್ತಿರಲಿಲ್ಲ. ನಿನ್ನ ತಪ್ಪು ಇರುವುದು ಅಲ್ಲಿಯೇ, ಪುಟ್ಟಿ. ಪ್ರತಿಯೊಂದು ಪದಾರ್ಥಕ್ಕೂ ಅದರದೇ ಗಡುವು ಇದೆ. ಪುದೀನದ ಗಡುವು ಗಂಟೆಗಳಲ್ಲಿ, ದ್ರಾಕ್ಷಿಯದು ವಾರಗಳಲ್ಲಿ; ಒಂದೇ ಜಾಡಿಯಲ್ಲಿಟ್ಟರೆ ಒಂದು ಹಣ್ಣಾಗುವ ಹೊತ್ತಿಗೆ ಇನ್ನೊಂದು ಕೊಳೆತಿರುತ್ತದೆ. ಆದ್ದರಿಂದ ಜಾಮ್ ಬಾಟಲಿಗಳಂಥ ನಾಲ್ಕೈದು ಸಣ್ಣ ಗಾಜಿನ ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿಟ್ಟುಕೋ, ಒಂದೊಂದರಲ್ಲಿ ಒಂದೊಂದನ್ನೇ ನೆನೆಸು, ಸೋಸಿದ ಮೇಲೆ ಚಮಚದ ಲೆಕ್ಕದಲ್ಲಿ ಬೆರೆಸಿ ರುಚಿ ನೋಡು. ತಾಮ್ರ, ಹಿತ್ತಾಳೆ, ಪ್ಲಾಸ್ಟಿಕ್ ಬೇಡ. ಹಳೆಯ ಉಪ್ಪಿನಕಾಯಿ ಭರಣಿಯೂ ಬೇಡ, ಅದರ ಮೆರುಗಿನಲ್ಲಿ ಏನಿದೆಯೋ ಹೇಳಲಾಗದು.

ಕಿತ್ತಳೆಯಿಂದ ಆರಂಭಿಸು, ಏಕೆಂದರೆ ಇದು ಎಲ್ಲರ ಕೈಗೂ ಒಲಿಯುತ್ತದೆ. ಈ ತಿಂಗಳು ಗಾಂಧಿ ಬಜಾರಿನಲ್ಲೂ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೂ ಒಳ್ಳೆಯ ಕಿತ್ತಳೆ ಇರುತ್ತದೆ. ಬೆಚ್ಚನೆಯ ನೀರಿನಲ್ಲಿ ಉಜ್ಜಿ ತೊಳೆದು, ತರಕಾರಿ ಸಿಪ್ಪೆ ತೆಗೆಯುವ ಪೀಲರಿನಿಂದ ಬಣ್ಣದ ಪದರವನ್ನು ಮಾತ್ರ ತೆಳ್ಳಗೆ ತೆಗೆ. ಮಕ್ಕಳು ಸಿಪ್ಪೆಯನ್ನು ಮಡಿಸಿ ಒಬ್ಬರ ಕಣ್ಣಿಗೆ ಒಬ್ಬರು ಚಿಮುಕಿಸುತ್ತಾರಲ್ಲ, ಆ ಎಣ್ಣೆಯೇ ನಮಗೆ ಬೇಕಾದದ್ದು; ಅದು ಬಣ್ಣದ ಪದರದ ಸಣ್ಣ ಚೀಲಗಳಲ್ಲಿದೆ, ಅದರ ಕೆಳಗಿನ ಬಿಳಿಯ ಭಾಗದಲ್ಲಿ ಕಹಿ ಬಿಟ್ಟರೆ ಬೇರೇನೂ ಇಲ್ಲ. ನಾಲ್ಕು ಹಣ್ಣಿನ ಸಿಪ್ಪೆಗೆ ಅರ್ಧ ಬಾಟಲಿ ವೋಡ್ಕಾ ಸಾಕು. ಆರೇಳು ದಿನಗಳಲ್ಲಿ ಸಿಪ್ಪೆ ಬಿಳಿಚಿಕೊಂಡು, ಬಗ್ಗಿಸಿದರೆ ಪಟ್ಟನೆ ಮುರಿಯುವಂತಾಗುತ್ತದೆ. ಎಣ್ಣೆಯೆಲ್ಲ ಇಳಿದಿದೆ ಎಂಬುದಕ್ಕೆ ಅದೇ ಗುರುತು, ಅಂದೇ ಸೋಸಿಬಿಡು. ಇಟಲಿಯ ಅಮಾಲ್ಫಿ ಕರಾವಳಿಯವರು ನಿಂಬೆಯ ಸಿಪ್ಪೆಯಿಂದ ಲಿಮೊಂಚೆಲ್ಲೊ ಮಾಡುವುದೂ ಇದೇ ಕ್ರಮದಲ್ಲಿ, ಆದರೆ ಅವರು ವೋಡ್ಕಾದ ಬದಲು ಶುದ್ಧ ಕುಡಿಯುವ ಮದ್ಯಸಾರವನ್ನು ಬಳಸಿ ಆಮೇಲೆ ಸಕ್ಕರೆ ಪಾಕದಿಂದ ತೆಳುಗೊಳಿಸುತ್ತಾರೆ. ಪಾಕ ಸೇರಿಸಿದಾಗ ತಿಳಿಯಾದ ದ್ರವ ಹಾಲಿನಂತೆ ಮಬ್ಬಾದರೆ ಹೆದರಬೇಡ: ನೀರು ಹೆಚ್ಚಾದಾಗ ಕರಗಿದ್ದ ಎಣ್ಣೆ ಸಣ್ಣ ಹನಿಗಳಾಗಿ ಹೊರಬರುತ್ತದೆ, ಅದು ಕೆಟ್ಟದ್ದರ ಲಕ್ಷಣವಲ್ಲ. ದೇವನಹಳ್ಳಿಯ ಚಕ್ಕೋತ ಸಿಕ್ಕಿದರೆ ಅದರ ಸಿಪ್ಪೆಯನ್ನೂ ಹೀಗೆಯೇ ಪ್ರಯತ್ನಿಸು, ನನಗೆ ಕಿತ್ತಳೆಗಿಂತ ಅದೇ ಇಷ್ಟ. ಬಿಳಿ ತೊಗಟೆ ಬೆರಳಿನಷ್ಟು ದಪ್ಪ ಇರುವುದರಿಂದ ಕೈ ಮಾತ್ರ ಬಹಳ ಹಗುರವಾಗಿರಬೇಕು.

ಮಸಾಲೆ ವಸ್ತುಗಳಲ್ಲಿ ಲವಂಗದ ಬಗ್ಗೆ ಬಹಳ ಎಚ್ಚರ ಬೇಕು. ಒಂದು ಸಲ ನಾನು ರಮ್ಮಿಗೆ ಆರು ಲವಂಗ ಹಾಕಿ ಊರಿಗೆ ಹೋಗಿ ಹತ್ತು ದಿನದ ಮೇಲೆ ಬಂದೆ. ಒಂದು ಗುಟುಕಿಗೇ ನಾಲಿಗೆ ಮರಗಟ್ಟಿತು, ಏಕೆಂದರೆ ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಅದೆಷ್ಟೋ ಪಾಲು ಅದರೊಳಗೆ ಇಳಿದಿತ್ತು. ಅರ್ಧ ಬಾಟಲಿಗೆ ಎರಡು ಲವಂಗ, ಒಂದು ದಿನ, ಅಷ್ಟೇ. ಜಜ್ಜಿದ ಏಲಕ್ಕಿಗೂ ಒಂದು ದಿನ ಸಾಕು. ದಾಲ್ಚಿನ್ನಿಯ ಒಂದು ಚೂರಿಗೆ ಎರಡು ಮೂರು ದಿನ. ಮಡಕೆಯ ನೀರಿಗೆ ಹಾಕುವ ಲಾವಂಚದ ಬೇರನ್ನು ಮಣ್ಣು ಪೂರ್ತಿ ಹೋಗುವಂತೆ ತೊಳೆದು ಒಣಗಿಸಿ ಮೂರು ದಿನ ನೆನೆಸಿದರೆ ಅದರ ತಂಪು ವಾಸನೆ ಹಾಗೆಯೇ ಬರುತ್ತದೆ. ಗೋವಾದಲ್ಲಿ ಸೊಗದೆ ಬೇರನ್ನು ಫೆನ್ನಿಯಲ್ಲಿ ನೆನೆಸಿ ದುಕ್‌ಶಿರಿ ಎಂದು ಕರೆಯುತ್ತಾರೆ. ಬೇರುಗಳಿಗೂ ಮದ್ಯಸಾರಕ್ಕೂ ಹೊಂದಾಣಿಕೆ ಬಹಳ ಹಳೆಯದು. ಪುದೀನ, ತುಳಸಿಯಂಥ ಹಸಿ ಸೊಪ್ಪುಗಳನ್ನು ಬೆಳಿಗ್ಗೆ ಹಾಕಿದರೆ ರಾತ್ರಿ ಸೋಸಬೇಕು, ಅದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಹಸಿರು ಕಂದಿ ಒಣಹುಲ್ಲಿನ ರುಚಿ ಬರುತ್ತದೆ. ಕೆ.ಆರ್. ಮಾರುಕಟ್ಟೆಯ ಹೂವಿನ ಅಂಗಡಿಯಿಂದ ಗುಲಾಬಿ, ದವನ, ಮರುಗ ತಂದು ಹಾಕುವ ಆಸೆ ನಿನಗೆ ಬಂದೇ ಬರುತ್ತದೆ. ಹಾಕಬೇಡ, ಅವು ಮುಡಿಯಲು ಬೆಳೆದ ಹೂಗಳು, ಸಿಂಪಡಿಸಿದ ಔಷಧಿಯೂ ಮದ್ಯಸಾರದಲ್ಲಿ ಕರಗುತ್ತದೆ. ಗುರುತು ತಿಳಿಯದ ಕಾಡು ಸೊಪ್ಪು, ಬೇರುಗಳನ್ನಂತೂ ಮುಟ್ಟಲೇಬೇಡ, ಏಕೆಂದರೆ ಮದ್ಯಸಾರ ವಿಷವನ್ನೂ ಅಷ್ಟೇ ಚೆನ್ನಾಗಿ ಎಳೆಯುತ್ತದೆ.

ದ್ರಾಕ್ಷಿಯನ್ನು ನಾನು ಬಿಡು ಎನ್ನುವುದಿಲ್ಲ. ಬೆಂಗಳೂರು ನೀಲಿ ದ್ರಾಕ್ಷಿ ನಮ್ಮ ಸುತ್ತಮುತ್ತಲಿನ ತೋಟಗಳ ಹಣ್ಣು, ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು, ಅದರ ದಪ್ಪ ಸಿಪ್ಪೆಯ ಬಣ್ಣ ಮತ್ತು ಕಂಪು ಬೇರೆ ದ್ರಾಕ್ಷಿಗಿಲ್ಲ. ಆದರೆ ಪೂರ್ತಿ 750 ಮಿಲಿಲೀಟರಿಗೆ 400 ಗ್ರಾಂ ಮೀರಬೇಡ. ಆಗ ಹಣ್ಣು ನೀರು ಬಿಟ್ಟ ಮೇಲೂ ಮದ್ಯಸಾರ ಶೇ. 30ರ ಹತ್ತಿರ ನಿಲ್ಲುತ್ತದೆ. ತೊಳೆದು ನೀರಾರಿಸಿ, ಪ್ರತಿ ಹಣ್ಣಿಗೂ ಸೂಜಿಯಿಂದ ಚುಚ್ಚಿ, ಎಲ್ಲವೂ ಮುಳುಗುವಂತೆ ತುಂಬಿ, ಕತ್ತಲೆಯ ಕಪಾಟಿನಲ್ಲಿ ಮೂರು ವಾರ ಇಡು; ದಿನಕ್ಕೊಮ್ಮೆ ಬಾಟಲಿಯನ್ನು ತಲೆಕೆಳಗು ಮಾಡು. ಸೋಸುವಾಗ ಮೊದಲು ಮಲ್ಲುಬಟ್ಟೆ, ಆಮೇಲೆ ಕಾಫಿ ಸೋಸುವ ಕಾಗದ. ಬಟ್ಟೆಯನ್ನು ಹಿಂಡಬೇಡ, ಹಿಂಡಿದರೆ ಬಗ್ಗಡವೂ ಜೊತೆಗೆ ಬರುತ್ತದೆ. ಸೋಸಿ ಆದ ಮೇಲೆಯೇ ಸಕ್ಕರೆ ಪಾಕ ಹಾಕು, ಅದೂ ತಣ್ಣಗಾದದ್ದನ್ನು.

ಇನ್ನು ಪ್ರಯೋಗಾಲಯದ ಸ್ಪಿರಿಟ್. ಈ ಮಾತನ್ನು ಗುಂಪಿನಲ್ಲಿರುವ ಎಲ್ಲರೂ ಕೇಳಿಸಿಕೊಳ್ಳಿ. ಕೈಗಾರಿಕೆಗೆ, ಪ್ರಯೋಗಾಲಯಕ್ಕೆ, ಸ್ಯಾನಿಟೈಸರಿಗೆ ಎಂದು ಮಾರುವ ಸ್ಪಿರಿಟ್ಟನ್ನು ಯಾರೂ ಕುಡಿಯಬಾರದು ಎಂದೇ ಅದರಲ್ಲಿ ಎಷ್ಟೋ ವೇಳೆ ಮೆಥನಾಲ್‌ನಂಥ ವಿಷವನ್ನು ಬೆರೆಸಿರುತ್ತಾರೆ. ಮೆಥನಾಲ್ ನೋಡಲು ತಿಳಿನೀರು, ಮೂಸಿದರೆ ವ್ಯತ್ಯಾಸ ತಿಳಿಯುವುದಿಲ್ಲ, ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ, ಆಮೇಲೆ ಪ್ರಾಣವನ್ನೂ ತೆಗೆಯುತ್ತದೆ. ಹಣ್ಣು ನೆನೆಸುವುದರಿಂದಾಗಲಿ ಸೋಸುವುದರಿಂದಾಗಲಿ ಅದು ಹೋಗುವುದಿಲ್ಲ. 1981ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಆ ದಿನಗಳನ್ನು ಕಂಡವನಾಗಿ ಕೇಳಿಕೊಳ್ಳುತ್ತೇನೆ: ಪರವಾನಗಿ ಇರುವ ಅಂಗಡಿಯಿಂದ, ಮೊಹರು ಒಡೆಯದ ಬಾಟಲಿಯನ್ನೇ ತರಬೇಕು.

ಕಾನೂನಿನ ಪ್ರಶ್ನೆಗೆ ಉತ್ತರ ಚಿಕ್ಕದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ಭಟ್ಟಿ ಇಳಿಸುವ ಯೋಚನೆಯನ್ನೇ ಮಾಡಬೇಡ. ನಿನ್ನ ಗೆಳತಿ ಹೇಳಿದಳೆಂದು ಬರೆದಿರುವ ಹಬ್ಬದ ಉಡುಗೊರೆ ಬಾಟಲಿಗಳ ವ್ಯಾಪಾರಕ್ಕೆ ಕೈಹಾಕುವ ಮುನ್ನ ವಕೀಲರನ್ನು ಕಾಣು.

ಇದು ಮನೆಮಂದಿಯ ಗುಂಪಿನಲ್ಲಿ ಆಡುವ ಮಾತೇ ಎಂದು ದೊಡ್ಡಕ್ಕ ಕೇಳಿದ್ದಾರೆ. ಅಕ್ಕ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಮಕ್ಕಳು ಹೇಗೂ ಮಾಡುತ್ತಿದ್ದಾರೆ, ಗುಟ್ಟಾಗಿ ಮಾಡಿ ಪ್ರಯೋಗಾಲಯದ ಸ್ಪಿರಿಟ್ ತರುವುದಕ್ಕಿಂತ ನಮ್ಮನ್ನು ಕೇಳಿ ಮಾಡುವುದು ನನಗೆ ಎಷ್ಟೋ ಮೇಲೆನಿಸುತ್ತದೆ. ಪುಟ್ಟಿ, ಪಾಕ ಬೆರೆಸಿದ ಮೇಲೆ ಸಿಹಿಯಲ್ಲಿ ತೀಕ್ಷ್ಣತೆ ಗೊತ್ತಾಗುವುದಿಲ್ಲ, ಆದ್ದರಿಂದ 30 ಮಿಲಿಲೀಟರಿನ ಅಳತೆಲೋಟ ಇಟ್ಟುಕೋ. ಬಾಟಲಿಯ ಮೇಲೆ ಏನು, ಯಾವ ದಿನಾಂಕ ಎಂದು ಬರೆದು ಅಂಟಿಸು. ಬಣ್ಣ ನೋಡಿ ಶರಬತ್ತು ಎಂದುಕೊಳ್ಳುವ ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿಡು.

ಹೊಸ ವರ್ಷಕ್ಕೆ ಇನ್ನು ಹತ್ತು ದಿನ ಇದೆ. ಕಿತ್ತಳೆ ಸಿಪ್ಪೆಯನ್ನು ನಾಳೆಯೇ ನೆನೆಸಿದರೆ 29ಕ್ಕೆ ಸೋಸಬಹುದು. ಏಲಕ್ಕಿಯದನ್ನು 28ರ ರಾತ್ರಿ ಹಾಕಿದರೆ ಎರಡೂ ಒಂದೇ ದಿನ ಸಿದ್ಧವಾಗುತ್ತವೆ, ಆರು ಚಮಚ ಕಿತ್ತಳೆಗೆ ಒಂದು ಚಮಚ ಏಲಕ್ಕಿಯಂತೆ ಬೆರೆಸಿ ನೋಡು. ದ್ರಾಕ್ಷಿ ಮಾತ್ರ ಈ ಸಲಕ್ಕೆ ಆಗುವುದಿಲ್ಲ, ಅದು ಸಂಕ್ರಾಂತಿ ಹೊತ್ತಿಗೆ. ಭಾನುವಾರ ಬೆಳಿಗ್ಗೆ ಇಬ್ಬರೂ ಬನ್ನಿ, ಚಕ್ಕೋತ ತರಿಸಿಡುತ್ತೇನೆ. ಸಿಪ್ಪೆಯನ್ನು ಎಷ್ಟು ತೆಳ್ಳಗೆ ತೆಗೆಯಬೇಕು ಎಂಬುದನ್ನು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಆ ಜಾಡಿಯ ಮುಚ್ಚಳ ತೆಗೆದ ಕೂಡಲೇ ಇಲ್ಲಿ ಒಂದು ಮಾತು ತಿಳಿಸು.