ಸಹಾಯ ಬೇಕು: ವರ್ಡ್‌ನಿಂದ ಪೇಸ್ಟ್ ಮಾಡಿದರೆ ಷಟ್ಪದಿಯ ಸಾಲುಗಳು ಚದುರುತ್ತಿವೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ವೆಬ್ ಪತ್ರಿಕೆಗೆ ಲೇಖನಗಳು ಬರುವುದು ವರ್ಡ್ ಫೈಲಿನಲ್ಲಿ. ಯೂನಿಕೋಡ್‌ನಲ್ಲೇ ಇರುವುದರಿಂದ ಅಕ್ಷರ ಕೆಡುವುದಿಲ್ಲ, ಕೆಡುವುದು ವಿನ್ಯಾಸ.

ಕಂಟ್ರೋಲ್ ವಿ ಒತ್ತಿದರೆ ಬೋಲ್ಡ್, ಇಟಾಲಿಕ್ ಉಳಿಯುತ್ತವೆ. ಜೊತೆಗೆ ವರ್ಡ್‌ನ ಫಾಂಟು, ಬಣ್ಣ, ಸಾಲಿನ ಅಂತರವೂ ಬಂದು ಕೂರುತ್ತವೆ. ಎಚ್‌ಟಿಎಂಎಲ್ (ವೆಬ್ ಪುಟದ ಹಿಂದಿನ ಕೋಡ್) ತೆರೆದು ನೋಡಿದರೆ ಹೆಜ್ಜೆಹೆಜ್ಜೆಗೂ ಈ ಅಲಂಕಾರ ಹೊತ್ತ ಸ್ಪ್ಯಾನ್ ಟ್ಯಾಗ್. ಕಂಟ್ರೋಲ್ ಶಿಫ್ಟ್ ವಿ ಒತ್ತಿದರೆ ಆ ಕಸವೆಲ್ಲ ಹೋಗುತ್ತದೆ, ಬೋಲ್ಡ್ ಮತ್ತು ಅಡಿಟಿಪ್ಪಣಿಯ ಕೊಂಡಿಗಳೂ ಹೋಗುತ್ತವೆ.

ಹೆಚ್ಚಿನ ಸಂಕಟ ಪದ್ಯಗಳದ್ದು. ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲು ಉದ್ದ, ಉಳಿದ ನಾಲ್ಕು ಸಮ. ಆ ಆಕಾರ ಕಣ್ಣಿಗೆ ಕಂಡರೆ ಓದುವವರಿಗೆ ಲಯ ಬೇಗ ಹಿಡಿತಕ್ಕೆ ಬರುತ್ತದೆ. ಆದರೆ ಲೇಖಕರು ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿರುತ್ತಾರೆ. ಹಾಗಾಗಿ ವೆಬ್‌ನಲ್ಲಿ ಒಂದೊಂದು ಸಾಲೂ ಬೇರೆ ಪ್ಯಾರಾ ಆಗಿ, ನಡುವೆ ಅಷ್ಟಷ್ಟು ಖಾಲಿ ಜಾಗ. ಸದ್ಯಕ್ಕೆ ಒಂದೊಂದನ್ನೂ ಕೈಯಲ್ಲೇ ಶಿಫ್ಟ್ ಎಂಟರ್‌ಗೆ (ಪ್ಯಾರಾ ಮುರಿಯದೆ ಸಾಲು ಮಾತ್ರ ಮುರಿಯಲು) ಬದಲಾಯಿಸುತ್ತಿದ್ದೇನೆ. ಪದ್ಯ ತುಂಬಿದ ಲೇಖನವಾದರೆ ಸಂಜೆಯೆಲ್ಲ ಇದರಲ್ಲೇ ಕಳೆಯುತ್ತದೆ.

ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವ ಪ್ಯಾನ್‌ಡಾಕ್ ತಂತ್ರಾಂಶ ಬಳಸಿದರೆ ಅಡಿಟಿಪ್ಪಣಿಗಳು ಉಳಿಯುತ್ತವೆ, ಫಾಂಟು ಬಣ್ಣಗಳು ಹೋಗುತ್ತವೆ, ಅಷ್ಟು ಗೊತ್ತಿದೆ. ವರ್ಡ್‌ನಲ್ಲಿ ಪದ್ಯಕ್ಕೆಂದೇ ಒಂದು ಸ್ಟೈಲ್ ಮಾಡಿ, ಅದನ್ನು ಎಚ್‌ಟಿಎಂಎಲ್‌ವರೆಗೂ ತಂದು, ಅಲ್ಲಿ ಸಿಎಸ್‌ಎಸ್‌ನಿಂದ (ವೆಬ್ ಪುಟದ ವಿನ್ಯಾಸ ಹೇಳುವ ಕೋಡ್) ಅಂತರ ಸರಿಪಡಿಸಿಕೊಂಡವರು ಯಾರಾದರೂ ಇದ್ದೀರಾ? ಇದ್ದರೆ ದಯವಿಟ್ಟು ಹಂತಹಂತವಾಗಿ ತಿಳಿಸಿ.

ಲೇಖಕರಲ್ಲಿ ಬಹಳಷ್ಟು ಜನ ಹಿರಿಯರು. ಅವರು ಬರೆಯುವ ರೀತಿ ಹಾಗೇ ಇರಲಿ, ಬದಲಾವಣೆ ನಮ್ಮ ಕಡೆಯಿಂದಲೇ ಆಗಬೇಕು.