ಯುದ್ಧದಿಂದ ಊರು ಬಿಟ್ಟವರಿಗೆ ಇಲ್ಲಿಂದ ಏನು ಮಾಡಬಹುದು? ಬಟ್ಟೆ ಗಂಟು, ಸಂಘದ ದುಡ್ಡು, ಬಾಡಿಗೆಗೆ ಬಂದ ಸುಡಾನ್ ಹುಡುಗ

ಕುಶಾವತಿ_ತೀರ್ಥಹಳ್ಳಿ:
ನಮ್ಮ ಯುವಕ ಸಂಘದವರು ಸುಡಾನ್ ಯುದ್ಧದ ಸಂತ್ರಸ್ತರಿಗೆ ಅಂತ ಹಳೇ ಬಟ್ಟೆ, ಕಂಬಳಿ ಒಟ್ಟು ಮಾಡಿದ್ದಾರೆ. ಸಂಘದ ಖಾತೆಯಲ್ಲಿ ಸ್ವಲ್ಪ ದುಡ್ಡೂ ಇದೆ. 2023ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರಲ್ಲ, ಆವಾಗಿಂದ ಇಲ್ಲಿ ಆ ದೇಶದ ಹೆಸರು ಎಲ್ಲರಿಗೂ ಗೊತ್ತು. ಇದನ್ನೆಲ್ಲ ಕಳಿಸೋದು ಹೇಗೆ? ಇನ್ನೊಂದು ವಿಷಯ: ಶಿವಮೊಗ್ಗದಲ್ಲಿ ಪರಿಚಯದವರ ಮಹಡಿ ಮನೆಗೆ ಸುಡಾನಿನ ವಿದ್ಯಾರ್ಥಿಯೊಬ್ಬ ಬಾಡಿಗೆಗೆ ಬಂದಿದ್ದಾನೆ. ಮನೆಯಿಂದ ದುಡ್ಡು ಬರೋದು ನಿಂತಿದೆ, ತಮ್ಮನ ಸುದ್ದಿ ಇಲ್ಲ. ಅಂಗಡೀಲಿ ಕೆಲಸ ಕೊಡಿಸೋಣ ಅಂತಿದ್ದೇವೆ. ಸರಿಯಾ?

ಅಡಿಕೆಚಪ್ಪರ:
ಬಟ್ಟೆ ಕಳಿಸಬೇಡಿ ಮಾರಾಯ್ರೆ. ಸಾಗಣೆ ಖರ್ಚೇ ಬಟ್ಟೆಯ ಬೆಲೆಗಿಂತ ಜಾಸ್ತಿ ಆಗ್ತದೆ. ಹಡಗು ಪೋರ್ಟ್ ಸುಡಾನ್ ಮುಟ್ಟಿದರೂ ಕಸ್ಟಮ್ಸ್‌ನಲ್ಲಿ ಕೂರ್ತದೆ, ಯಾರ ಹೆಸರಿಗೆ ಬಂದದ್ದು ಅಂತ ಕೇಳ್ತಾರೆ. ಹಕ್ಕಿಪಿಕ್ಕಿಗಳಲ್ಲಿ ಹಲವರು ಇದ್ದ ಅಲ್ ಫಶೀರ್ ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ, ನಡುವೆ ಪರಸ್ಪರ ಹೊಡೆದಾಡೋ ಎರಡು ಸೈನ್ಯ. ನಮ್ಮ ಮಳೆಗಾಲದಲ್ಲಿ ಕಟ್ಟಿಟ್ಟ ಗಂಟು ಅಷ್ಟರೊಳಗೆ ಬೂಷ್ಟು ಹಿಡಿದು ಹೋಗಿರ್ತದೆ. ಹಾಲಿನ ಪುಡಿ ಕಳಿಸೋ ಯೋಚನೆ ಇದ್ದರೆ ಅದನ್ನೂ ಬಿಡಿ. ಶುದ್ಧ ನೀರಿಲ್ಲದ ಕಡೆ ಬಾಟಲಿ ಹಾಲು ಕುಡಿದ ಕೂಸಿಗೆ ಭೇದಿಯ ಅಪಾಯ ಜಾಸ್ತಿ, ತಾಯಿ ಹಾಲೂ ಕಡಿಮೆ ಆಗ್ತದೆ.

ಅಲ್ಲಿ ಬೇಕಾಗಿರೋದು ದುಡ್ಡು. ಶಿಬಿರದಲ್ಲಿ ಒಬ್ಬರ ದಿನದ ಪಡಿತರ ಅಂದರೆ ಸುಮಾರು 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, ಮೇಲೆ ಸ್ವಲ್ಪ ಪೌಷ್ಟಿಕ ಹಿಟ್ಟು, ಸಕ್ಕರೆ, ಉಪ್ಪು. ಒಟ್ಟು 2,100 ಕ್ಯಾಲರಿ ಲೆಕ್ಕ. ನೀರು ತಲೆಗೆ ಕನಿಷ್ಠ 15 ಲೀಟರ್, 20 ಜನಕ್ಕೊಂದು ಪಾಯಿಖಾನೆ. ಜೋಳ, ಬೇಳೆ ಆ ಭಾಗದ ಮಾರುಕಟ್ಟೆಯಲ್ಲೇ ಸಿಕ್ಕರೆ ಅಲ್ಲೇ ಕೊಂಡರೆ ಅಲ್ಲಿನ ರೈತನೂ ಉಳೀತಾನೆ.

ಸುಡಾನಿನಲ್ಲಿ ಊರಿನವರೇ ಸೇರಿ ನಡೆಸೋ ತುರ್ತು ನೆರವು ಕೊಠಡಿಗಳಿವೆ, ಬೀದಿ ಬೀದಿಯಲ್ಲಿ ಅಡುಗೆಮನೆ. ನಮ್ಮಲ್ಲಿ ಮುಯ್ಯಾಳು ಇದ್ದ ಹಾಗೆ ಅಲ್ಲಿ ನಫೀರ್ ಅಂತ ಎಲ್ಲರೂ ಕೂಡಿ ದುಡಿಯೋ ಹಳೇ ಪದ್ಧತಿ, ಅದರ ಬೇರಿನಿಂದಲೇ ಇವು ಎದ್ದದ್ದು. ಪರ್ಯಾಯ ನೊಬೆಲ್ ಅಂತ ಕರೆಯೋ ರೈಟ್ ಲೈವ್ಲಿಹುಡ್ ಪ್ರಶಸ್ತಿ 2025ರಲ್ಲಿ ಇವರಿಗೂ ಬಂತು. ದೊಡ್ಡ ಸಂಸ್ಥೆಗಳು ಕಾಲಿಡಲಾಗದ ಕಡೆ ಊಟ ಹಾಕಿದವರು ಇವರೇ. ಯುದ್ಧದಲ್ಲಿ ಭರವಸೆ ಎಲ್ಲಿದೆ ಅಂತ ಕೇಳೋರಿಗೆ ನಾನು ತೋರಿಸೋದು ಈ ಅಡುಗೆಮನೆಗಳನ್ನ. ಆದರೆ ಇಲ್ಲಿಂದ ನೇರ ಹಣ ಹಾಕೋಕೆ ಹೋಗಬೇಡಿ, ಸುಡಾನ್ ಅಂದ ಕೂಡಲೇ ಬ್ಯಾಂಕು ತಡೆಹಿಡಿಯಬಹುದು. ವಿಶ್ವ ಆಹಾರ ಕಾರ್ಯಕ್ರಮ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್ ಇಂಥವುಗಳ ಅಧಿಕೃತ ಜಾಲತಾಣದಲ್ಲಿ ಕೊಡಿ. ಕಾರ್ಡ್ ಫೇಲ್ ಆದರೆ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಇದೆಯಾ ನೋಡಿ. ಬ್ಯಾಂಕ್ ಮೂಲಕ ವಿದೇಶಕ್ಕೆ ದೇಣಿಗೆ ಕಳಿಸುವ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ ವ್ಯಕ್ತಿಗಳಿಗೆ ಮಾತ್ರ, ಸಂಘದ ಖಾತೆಯಿಂದ ಆಗೋದಿಲ್ಲ. ವಿದೇಶಿ ಸಂಸ್ಥೆಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆ ವಿನಾಯಿತಿಯೂ ಇಲ್ಲ.

ತುಂಗೆದಂಡೆ:
ಅಂಗಡಿ ಕೆಲಸದ ಯೋಚನೆ ಇವತ್ತೇ ಬಿಡಿ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ದುಡಿಯುವಂತಿಲ್ಲ. ಸಿಕ್ಕಿಬಿದ್ದರೆ ವೀಸಾ ರದ್ದಾಗಿ ಯುದ್ಧ ಇರುವ ದೇಶಕ್ಕೇ ಅವನು ವಾಪಸ್ ಹೋಗಬೇಕಾದೀತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೂ 1967ರ ಪ್ರೋಟೋಕಾಲ್‌ಗೂ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ವೀಸಾ ಮುಗಿದರೆ ಅವನು ಕಾನೂನಿನ ಕಣ್ಣಿಗೆ ಅವಧಿ ಮೀರಿ ಉಳಿದ ವಿದೇಶಿ, ಅಷ್ಟೇ. ಹಾಗಾಗಿ ವೀಸಾ ಜೀವಂತ ಇಡುವುದೇ ಅವನಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ.

ಮನೆ ಮಾಲೀಕರು ವಿದೇಶಿಯರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಬೇಕು. ಜನ ಈಗಲೂ ಫಾರ್ಮ್ ಸಿ ಅಂತಲೇ ಕರೆಯುವುದು. ಪಾಸ್‌ಪೋರ್ಟ್, ವೀಸಾ ಪ್ರತಿ, ಫೋಟೊ ಸಾಕು. "ಪೊಲೀಸ್ ಉಸಾಬರಿ ಬೇಡ" ಅಂತ ಮಾಲೀಕರು ಸುಮ್ಮನಿದ್ದರೆ ತೊಂದರೆ ಇಬ್ಬರಿಗೂ, ಏಕೆಂದರೆ ವೀಸಾ ವಿಸ್ತರಣೆಗೆ ವಾಸದ ಪುರಾವೆ ಕೇಳುತ್ತಾರೆ. ಅರ್ಜಿ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ತಾಣದಲ್ಲಿ. ಕಾಲೇಜಿನ ಬೋನಫೈಡ್ ಪತ್ರ, ಹಾಜರಾತಿ, ಬಾಡಿಗೆ ಕರಾರು ಮೊದಲೇ ಜೋಡಿಸಿಡಿ. ಪಾಸ್‌ಪೋರ್ಟ್ ಅವಧಿಯನ್ನೂ ನೋಡಿ, ಅದರ ನವೀಕರಣ ದೆಹಲಿಯ ಸುಡಾನ್ ರಾಯಭಾರ ಕಚೇರಿಯಿಂದ ಆಗಬೇಕಾದ ಕೆಲಸ, ಬೇಗ ಆಗುವುದಿಲ್ಲ. ಆಶ್ರಯ ಕೇಳುವುದಿದ್ದರೆ ನೋಂದಣಿ ದೆಹಲಿಯ ಯುಎನ್‌ಎಚ್‌ಸಿಆರ್‌ನಲ್ಲಿ, ಠಾಣೆಯಲ್ಲಲ್ಲ.

ದುಡ್ಡಿನ ಸಹಾಯ ಮಾಡುವುದಾದರೆ ಶುಲ್ಕವನ್ನು ನೇರ ಕಾಲೇಜಿಗೆ ಕಟ್ಟಿ ರಸೀದಿ ತೆಗೆದುಕೊಳ್ಳಿ. ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಪ್ರಾಂಶುಪಾಲರಿಗೆ ಅವನ ಕೈಯಲ್ಲೇ ಅರ್ಜಿ ಬರೆಸಿ.

ಹೊಸನಗರ_ಸುಮ:
ತಮ್ಮನ ಹುಡುಕಾಟಕ್ಕೆ ರೆಡ್‌ಕ್ರಾಸ್ ಇದೆ, ಖರ್ಚಿಲ್ಲ. ಭಾರತೀಯ ರೆಡ್‌ಕ್ರಾಸ್‌ನಲ್ಲಿ ಕುಟುಂಬ ಸಂಪರ್ಕ ಸೇವೆ ಅಂತ ಕೇಳಿ. ತಮ್ಮನ ಹೆಸರು, ಅಪ್ಪ, ಅಜ್ಜನ ಹೆಸರು, ಹುಟ್ಟಿದ ವರ್ಷ, ಕೊನೇ ಸಲ ಮಾತಾಡಿದ ದಿನ, ಆಗ ಇದ್ದ ಊರು, ಇಷ್ಟು ಬರೆದುಕೊಡಬೇಕು. ಅರಬ್ಬಿ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಬ್ಬೊಬ್ಬರದ್ದು ಒಂದೊಂದು ಥರ, ಹುಡುಕಾಟ ಎಡವೋದು ಅಲ್ಲೇ. ಅರಬ್ಬಿ ಲಿಪಿಯಲ್ಲೂ ಬರೆಸಿ. ರೆಡ್‌ಕ್ರಾಸ್ ಸಂದೇಶ ಕಳಿಸೋದಾದ್ರೆ ಮನೆ ಸುದ್ದಿ ಮಾತ್ರ. ಅದು ತೆರೆದ ಕಾಗದ, ದಾರಿಯಲ್ಲಿ ಓದ್ತಾರೆ. ಸೈನ್ಯ, ರಾಜಕೀಯ ಬಂದ್ರೆ ಮುಂದಕ್ಕೆ ಹೋಗಲ್ಲ.

ಇನ್ನು, ಮನೆಯವರಿಗೆ ಹೇಳಿ: ಅವನಾಗೇ ಹೇಳಿದ್ರೆ ಕೇಳಲಿ, ಕೆದಕಬಾರದು. "ಎಷ್ಟು ಜನ ಸತ್ರು" ಅಂತಂತೂ ಬೇಡ. "ಎಲ್ಲ ಸರಿಹೋಗುತ್ತೆ ಬಿಡಪ್ಪ" ಅನ್ನೋದೂ ಬೇಡ, ಅದು ಯಾರಿಗೂ ಗೊತ್ತಿಲ್ಲ. ಊಟ ಆಯ್ತಾ, ನಿದ್ದೆ ಬಂತಾ ಅಂತ ಕೇಳಿದ್ರೆ ಸಾಕು. ತೋಟದ ಕಡೆ ಕರ್ಕೊಂಡು ಹೋಗೋ ಹಾಗಿದ್ರೆ ಮಂಗ ಓಡಿಸೋಕೆ ಗರ್ನಾಲು ಹೊಡೀತಾರೆ ಅಂತ ಮೊದಲೇ ತಿಳಿಸಿ. ಗಣಪತಿ ಬಿಡೋ ದಿನ, ದೀಪಾವಳಿಗೂ ಹಾಗೇ. ಆ ಸದ್ದಿಗೆ ಅವನ ಮೈ ಹೇಗೆ ನಡುಗತ್ತೋ ನಮಗೆ ಅಂದಾಜಾಗಲ್ಲ. ಸಂಘದವರು ಚೆಕ್ ಕೊಡೋ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಬಾರದು. ಅವನ ಮುಖ ಊರಿಗೆ ತಲುಪಿದ್ರೆ ಅಲ್ಲಿರೋ ಮನೆಯವರಿಗೆ ಅಪಾಯ ಆಗಬಹುದು.

ಕುಶಾವತಿ_ತೀರ್ಥಹಳ್ಳಿ:
ಕೆಲಸದ ಮಾತು ನಿಲ್ಲಿಸಿದೆವು. ಕಂಬಳಿ ಏನು ಮಾಡೋದು? ಹುಡುಗರಿಗೆ ಬೇಜಾರು.

ಅಡಿಕೆಚಪ್ಪರ:
ಬೇಜಾರು ಯಾಕೆ? ಒಗೆದು, ಎರಡು ಬಿಸಿಲು ಒಣಗಿಸಿ, ಹರಿದದ್ದು ಬೇರೆ ಮಾಡಿ. ಒಳ್ಳೇದನ್ನ ಶಿವಮೊಗ್ಗದ ರಾತ್ರಿ ವಸತಿಗೃಹಕ್ಕೋ, ಅಡಿಕೆ ಕೊಯ್ಲಿಗೆ ಬಂದು ಶೆಡ್‌ನಲ್ಲಿ ಮಲಗೋ ಹೊರಗಿನ ಕೂಲಿಯವರಿಗೋ ಕೊಡಿ. ಮೊದಲು ಬೇಕಾ ಅಂತ ಕೇಳಿ, ಆಮೇಲೆ ಹೊರೆ ಕಟ್ಟಿ.