ಚಿಕ್ಕಮ್ಮಾ, ಮೂರು ತಿಂಗಳ ಚೆಕಪ್ ಮಾತ್ರ ಬಿಡಬೇಡಿ

ಚಿಕ್ಕಮ್ಮಾ, ನಿಮ್ಮ ಮೆಸೇಜ್ ಬೆಳಗ್ಗೆಯೇ ನೋಡಿದೆ. ಬಸ್ಸಿನಲ್ಲಿದ್ದೆ, ಈಗ ಮನೆಗೆ ಬಂದು ಕೂತು ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳಿ. ವಸಡಿನ ಟ್ರೀಟ್‌ಮೆಂಟ್ ಮುಗಿದು ಎಂಟು ತಿಂಗಳಾಯ್ತು, ನೋವಿಲ್ಲ, ಆದರೂ ಡಾಕ್ಟರ್ ಮೂರು ತಿಂಗಳಿಗೊಮ್ಮೆ ಬಾ ಅಂತಾರೆ, ಸುಮ್ನೆ ದುಡ್ಡಿಗೆ ಇರಬೇಕು ಅಂದಿದ್ದೀರಿ. ಅದರ ಕೆಳಗೆ ಮಾವ, ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ಸೇರಿಸಿದ್ದಾರೆ.

ಅಪ್ಪನೂ ಇದನ್ನೇ ಹೇಳುತ್ತಿದ್ದರು. ಅವರಿಗೆ 2016ರಲ್ಲಿ ವಸಡಿನ ಒಳಗಿನ ಕ್ಲೀನಿಂಗ್ ಆಯ್ತು. ಮೂರು ವರ್ಷ ತಪ್ಪದೆ ಹೋದರು. ಆಮೇಲೆ ಕೊರೊನಾ ಬಂತು, ಬಿಟ್ಟರು. ನೋವು ಇರಲಿಲ್ಲ ನೋಡಿ, ಹಾಗಾಗಿ ನೆನಪೂ ಆಗಲಿಲ್ಲ. 2022ರಲ್ಲಿ ಊಟ ಮಾಡುವಾಗ ಕೆಳಗಿನ ದವಡೆ ಹಲ್ಲು ಅಲ್ಲಾಡತೊಡಗಿತು. ಕೀಳಿಸಬೇಕಾಯ್ತು. ಡಾಕ್ಟರ್ ಆ ಹಲ್ಲನ್ನು ತೊಳೆದು ನನ್ನ ಅಂಗೈ ಮೇಲೆ ಇಟ್ಟರು. ಒಂದು ಹುಳುಕೂ ಇಲ್ಲ, ಗಟ್ಟಿ ಹಲ್ಲು. ಆದರೆ ಎರಡು ಬೇರಿನ ಸಂದಿಯಲ್ಲಿ ಕಪ್ಪು ಕಲ್ಲಿನ ಹಾಗೆ ಗಾರೆ, ಅಂದರೆ ಗಟ್ಟಿಯಾದ ಕೊಳೆ, ಕಟ್ಟಿತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಅವತ್ತು ನನಗೆ ತುಂಬಾ ಸಂಕಟ ಆಯ್ತು. ಒಳ್ಳೆಯ ಹಲ್ಲು ಹೋಯಿತಲ್ಲಾ ಅಂತ.

ಆಮೇಲೆ ನಾನು ಇದನ್ನೆಲ್ಲ ಕೂತು ಓದಿದೆ. ದವಡೆ ಹಲ್ಲೇ ಮೊದಲು ಹೋಗುವುದಕ್ಕೆ ಕಾರಣ ಇದೆ. ಕೆಳಗಿನದಕ್ಕೆ ಎರಡು ಬೇರು, ಮೇಲಿನದಕ್ಕೆ ಮೂರು. ವಸಡಿನ ರೋಗದಿಂದ ಹಲ್ಲನ್ನು ಹಿಡಿದಿಡುವ ಮೂಳೆ ಕರಗುತ್ತಾ ಬೇರು ಕವಲೊಡೆಯುವ ಜಾಗದವರೆಗೆ ಬಂದುಬಿಟ್ಟರೆ ಅಲ್ಲಿಗೆ ನಮ್ಮ ಬ್ರಷ್ ಹೋಗುವುದಿಲ್ಲ, ಡಾಕ್ಟರ ಉಪಕರಣವೂ ಕಷ್ಟಪಟ್ಟು ಹೋಗಬೇಕು. ಅಮೆರಿಕದಲ್ಲಿ 600 ಜನರನ್ನು ಟ್ರೀಟ್‌ಮೆಂಟ್ ಆದಮೇಲೆ ಸರಾಸರಿ 22 ವರ್ಷ ಗಮನಿಸಿದ ಒಂದು ಅಧ್ಯಯನ ಇದೆ, 1978ರದ್ದು. ಅದರಲ್ಲಿ 300 ಜನರಿಗೆ ವಸಡಿನ ಕಾರಣಕ್ಕೆ ಒಂದು ಹಲ್ಲೂ ಹೋಗಲಿಲ್ಲ. 199 ಜನ ಒಂದರಿಂದ ಮೂರು ಕಳೆದುಕೊಂಡರು. ಆದರೆ 25 ಜನರಿಗೆ ತಲಾ ಹತ್ತು, ಅದಕ್ಕಿಂತ ಜಾಸ್ತಿ ಹಲ್ಲು ಹೋದವು! ಕವಲಿನ ಜಾಗ ಹಾಳಾದ ಹಲ್ಲುಗಳಲ್ಲಿ ಸುಮಾರು ಮೂರರಲ್ಲಿ ಒಂದು ಹೋಯಿತು. ಅಂದರೆ ಟ್ರೀಟ್‌ಮೆಂಟ್‌ನಿಂದ ಹೆಚ್ಚಿನವರ ಹಲ್ಲು ಉಳಿಯುತ್ತದೆ. ಕೆಲವರದ್ದು ಮಾತ್ರ ಜಾರುತ್ತಾ ಹೋಗುತ್ತದೆ. ನಾವು ಆ ಕೆಲವರಲ್ಲಿ ಸೇರಬಾರದು, ಅಷ್ಟೇ.

ಡಾಕ್ಟರ್ ಸಣ್ಣ ಕಡ್ಡಿ ಹಾಕಿ "ಮೂರು, ಎರಡು, ಆರು" ಅಂತ ಹೇಳುತ್ತಾ ಹೋಗ್ತಾರಲ್ಲ, ಅದು ವಸಡು ಹಲ್ಲಿನಿಂದ ಎಷ್ಟು ಮಿಲಿಮೀಟರ್ ಆಳಕ್ಕೆ ಬಿಟ್ಟಿದೆ ಅನ್ನುವ ಲೆಕ್ಕ. ಮೂರರವರೆಗೆ ಚಿಂತೆ ಇಲ್ಲ. ಟ್ರೀಟ್‌ಮೆಂಟ್ ಆದಮೇಲೂ ಆರು, ಅದಕ್ಕಿಂತ ಜಾಸ್ತಿ ಉಳಿದಿದ್ದರೆ ಆ ಹಲ್ಲಿಗೆ ಮುಂದೆ ಅಪಾಯ ಇದೆ ಅಂತ ಅರ್ಥ. ಅಷ್ಟು ಆಳಕ್ಕೆ ಮನೆಯ ಬ್ರಷ್ ಇಳಿಯುವುದಿಲ್ಲ. ಕೆರೆದು ತೆಗೆದ ರೋಗಾಣುಗಳು ಎರಡು ಮೂರು ತಿಂಗಳಲ್ಲಿ ಅಲ್ಲೇ ಮತ್ತೆ ಗೂಡು ಕಟ್ಟುತ್ತವೆ. ಮೂರು ತಿಂಗಳಿಗೆ ಬಾ ಅನ್ನುವುದು ಅದಕ್ಕೇ. ದುಡ್ಡಿಗಲ್ಲ, ಚಿಕ್ಕಮ್ಮಾ.

ಮಾವ, ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಕ್ಲೀನಿಂಗ್ ಹಲ್ಲನ್ನು ಸಡಿಲ ಮಾಡುವುದಿಲ್ಲ. ಅಲ್ಲಿ ಮೊದಲೇ ಮೂಳೆ ಕರಗಿರುತ್ತದೆ. ಗಾರೆ ಸಂದಿಯನ್ನು ತುಂಬಿಕೊಂಡು ಹಲ್ಲುಗಳನ್ನು ಹಿಡಿದಿಟ್ಟಿರುತ್ತದೆ, ತೆಗೆದಾಗ ಇದ್ದ ಸಡಿಲ ಗೊತ್ತಾಗುತ್ತದೆ, ಬೇರಿಗೆ ತಣ್ಣನೆಯ ನೀರು ಜುಂ ಅನ್ನುತ್ತದೆ. ಆಮೇಲೆ ಇನ್ನೊಂದು ಮಾತು, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಬೀಡಿ ಬಿಡಿ ಮಾವ. ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ, ಚೆನ್ನಾಗಿದೆ ಅನಿಸುತ್ತದೆ, ಒಳಗೆ ಮೂಳೆ ಹೋಗುತ್ತಲೇ ಇರುತ್ತದೆ. ಟ್ರೀಟ್‌ಮೆಂಟ್ ಆದಮೇಲೂ ಗಾಯ ಬೇಗ ಮಾಯುವುದಿಲ್ಲ.

ಚಿಕ್ಕಮ್ಮಾ, ನಿಮ್ಮದು ಶುಗರ್. ಅದು ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಹಾಳಾಗುತ್ತದೆ, ವಸಡು ಹಾಳಾದರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ಮೂರು ತಿಂಗಳ ಸರಾಸರಿ ತೋರಿಸುವ ಆ ಶುಗರ್ ರಿಪೋರ್ಟ್ ಹಲ್ಲಿನ ಡಾಕ್ಟರಿಗೂ ತೋರಿಸಿ. ರಾತ್ರಿ ಬ್ರಷ್ ಜೊತೆಗೆ ಸಂದಿಗೆ ಹಾಕುವ ಆ ಪುಟ್ಟ ಬ್ರಷ್ ಕೂಡ ಬಳಸಿ, ಬಾಟಲ್ ತೊಳೆಯುವ ಬ್ರಷ್ಷಿನ ಮರಿ ಥರ ಇರುತ್ತಲ್ಲ, ಅದು. ಸಂದಿಗೆ ಸರಿಯಾದ ಅಳತೆ ಅವರೇ ಕೊಡುತ್ತಾರೆ. ಮೊದಲ ಕೆಲವು ದಿನ ಸ್ವಲ್ಪ ರಕ್ತ ಬಂದರೆ ಗಾಬರಿಯಾಗಿ ನಿಲ್ಲಿಸಬೇಡಿ.

ಶನಿವಾರ ನನಗೆ ರಜೆ. ಅಪಾಯಿಂಟ್‌ಮೆಂಟ್ ನಾನೇ ತಗೊಳ್ತೇನೆ, ಜೊತೆಗೂ ಬರ್ತೇನೆ. ಯಾವ ಹಲ್ಲಿಗೆ ಎಷ್ಟು ಮಿಲಿಮೀಟರ್ ಅಂತ ಬರೆದ ಹಾಳೆ ಕೇಳಿ ಫೋಟೋ ತೆಗೆದುಕೊಳ್ಳೋಣ. ಹನ್ನೊಂದು ಗಂಟೆ ಆಗುತ್ತಾ ನಿಮಗೆ?